ಮೆಟ್ಟಿಲುಗಳ ಊರು: ಸೆವೆಲ್‌ನ ಮನೆಗಳು, ಮನೆಯವರು

ದಕ್ಷಿಣ ಅಮೆರಿಕ ಖಂಡದ ಪಾಠ ಮಾಡುವಾಗ ನಾವು ಚಿಲಿ ದೇಶದ ಬಗ್ಗೆ ಹೆಚ್ಚೆಂದರೆ ಎರಡು ವಾಕ್ಯ ಹೇಳುತ್ತೇವೆ. ಉದ್ದನೆಯ, ಸಪೂರವಾದ ದೇಶ. ತಾಮ್ರದ ಉತ್ಪಾದನೆಯಲ್ಲಿ ಜಗತ್ತಿನಲ್ಲೇ ಮೊದಲನೆಯದು. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುತ್ತಾರೆ, ಒಂದು ಅಂಕ ಸಿಗುತ್ತದೆ. ಆ ತಾಮ್ರವನ್ನು ಅಗೆದವರು ಎಲ್ಲಿ ಮಲಗುತ್ತಿದ್ದರು, ಅವರ ಹೆಂಡತಿಯರು ಬಟ್ಟೆ ಎಲ್ಲಿ ಒಗೆಯುತ್ತಿದ್ದರು, ಮಕ್ಕಳು ಎಲ್ಲಿ ಆಡುತ್ತಿದ್ದರು ಎಂಬುದು ಪಾಠಪುಸ್ತಕದಲ್ಲಿ ಇರುವುದಿಲ್ಲ. ಪುಸ್ತಕದಲ್ಲಿ ಅದಕ್ಕೆ ಜಾಗವೂ ಇಲ್ಲ ಎನ್ನಿ. ಆದ್ದರಿಂದ ಆ ಪಾಠದಲ್ಲಿ ಬಿಟ್ಟುಹೋದ ಒಂದು ಊರಿನ ಕಥೆಯನ್ನು ಈ ಸಲ ಇಲ್ಲಿ ಬರೆಯುತ್ತಿದ್ದೇವೆ.

ಊರಿನ ಹೆಸರು ಸೆವೆಲ್. ಆಂಡಿಸ್ ಪರ್ವತದ ಮೇಲಿನ ಸಣ್ಣ ಗಣಿ ಊರು. ಅಲ್ಲಿ ಒಂದು ಕಾಲಕ್ಕೆ ಹದಿನೈದು ಸಾವಿರ ಜನರಿದ್ದರು. ಇವತ್ತು ಅಲ್ಲಿ ಒಂದು ಸಂಸಾರವೂ ಇಲ್ಲ. ಊರು ಹುಟ್ಟಿದ್ದು 1905ರಲ್ಲಿ, ಖಾಲಿಯಾದದ್ದು 1970ರ ದಶಕದಲ್ಲಿ. ಎಪ್ಪತ್ತು ಚಿಲ್ಲರೆ ವರ್ಷದ ಆಯುಷ್ಯ, ಒಬ್ಬ ಮನುಷ್ಯನ ಆಯುಷ್ಯದಷ್ಟೇ. ಅಷ್ಟರಲ್ಲಿ ಅಲ್ಲಿ ಮೂರು ತಲೆಮಾರು ಹುಟ್ಟಿ ಬೆಳೆಯಿತು.

ಬೆಟ್ಟದ ಮೇಲೆ ಊರು ಕಟ್ಟಿದ್ದು ಹೇಗೆ?

ಚಿಲಿಯ ರಾಜಧಾನಿ ಸಾಂತಿಯಾಗೋ. ಅದರ ದಕ್ಷಿಣಕ್ಕೆ ಬಯಲಿನಲ್ಲಿ ರಂಕಾಗುವ ಎಂಬ ಪಟ್ಟಣವಿದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 60 ಕಿಲೋಮೀಟರ್ ಬೆಟ್ಟ ಹತ್ತಿದರೆ ಸೆವೆಲ್. ಎತ್ತರ ಎರಡು ಸಾವಿರ ಮೀಟರಿಗೂ ಮೇಲೆ, ಅಂದರೆ ಹೆಚ್ಚುಕಮ್ಮಿ ನಮ್ಮ ಊಟಿಯ ಎತ್ತರ. ಆದರೆ ಊಟಿ ಭೂಮಧ್ಯ ರೇಖೆಗೆ ಹತ್ತಿರ, ಸೆವೆಲ್ ಇರುವುದು ದಕ್ಷಿಣಕ್ಕೆ 34ನೇ ಅಕ್ಷಾಂಶದ ಬಳಿ. ಹಾಗಾಗಿ ಊಟಿಯಲ್ಲಿ ಮಂಜು ಮುಸುಕಿದರೆ ಇಲ್ಲಿ ಆಳೆತ್ತರದ ಹಿಮ ಬೀಳುತ್ತದೆ. ಮರಗಿಡ ಇಲ್ಲದ ಬೋಳು ಬೆಟ್ಟ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್ ವರೆಗೆ ಮಳೆ ಸುರಿಯುವಾಗ ಅಲ್ಲಿ ಕಡು ಚಳಿಗಾಲ. ಈ ತಿಂಗಳುಗಳ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಬೆಟ್ಟದ ಹೊಟ್ಟೆಯಲ್ಲಿ ತಾಮ್ರ ಇರುವುದು ಜನರಿಗೆ ಮೊದಲೇ ಗೊತ್ತಿತ್ತು. ಗಣಿಯ ಹೆಸರು ಎಲ್ ತೆನಿಯೆಂತೆ. ಸ್ಪ್ಯಾನಿಷ್ ಭಾಷೆಯಲ್ಲಿ ಅದರ ಅರ್ಥ ಲೆಫ್ಟಿನೆಂಟ್. ಸೈನ್ಯದಿಂದ ತಲೆಮರೆಸಿಕೊಂಡು ಓಡುತ್ತಿದ್ದ ಒಬ್ಬ ಅಧಿಕಾರಿಗೆ ಈ ತಾಮ್ರ ಕಣ್ಣಿಗೆ ಬಿತ್ತು ಎಂಬ ದಂತಕಥೆ ಇದೆ. ಆದರೆ ದೊಡ್ಡ ಪ್ರಮಾಣದಲ್ಲಿ ಅಗೆಯಲು ಹಣವೂ ಯಂತ್ರವೂ ಬೇಕಲ್ಲ. ಅದನ್ನು ತಂದವನು ಅಮೆರಿಕದ ಗಣಿ ಎಂಜಿನಿಯರ್ ವಿಲಿಯಂ ಬ್ರೇಡನ್. 1904ರಲ್ಲಿ ಬ್ರೇಡನ್ ತಾಮ್ರ ಕಂಪನಿ ಹುಟ್ಟಿತು. ಮರುವರ್ಷ ಬೆಟ್ಟದ ಮೇಲೆ ಕಾರ್ಮಿಕರಿಗೆ ವಸತಿ ಎದ್ದಿತು. ಮುಂದೆ ಕಂಪನಿ ದೊಡ್ಡ ಬಂಡವಾಳಗಾರರ ಕೈಗೆ, 1915ರ ಹೊತ್ತಿಗೆ ಕೆನೆಕಾಟ್ ಕಂಪನಿಯ ಕೈಗೆ ಹೋಯಿತು. ಅದೇ ವರ್ಷ ತೀರಿಕೊಂಡ ಬಾರ್ಟನ್ ಸೆವೆಲ್ ಎಂಬ ಕಂಪನಿಯ ಹಿರಿಯ ಅಧಿಕಾರಿಯ ನೆನಪಿಗೆ ಊರಿಗೆ ಸೆವೆಲ್ ಎಂದು ಹೆಸರಿಟ್ಟರು. ಆತ ಆ ಊರಿನಲ್ಲಿ ಬಾಳಿದವನಲ್ಲ. ಹೆಸರಿನಲ್ಲಿಯೇ ಊರು ಯಾರದ್ದು ಎಂಬುದು ಸ್ಪಷ್ಟವಾಗಿತ್ತು.

ಶುರುವಿನಲ್ಲಿ ಯಂತ್ರದ ಭಾಗಗಳನ್ನು ಎತ್ತಿನ ಗಾಡಿಗಳಲ್ಲಿ ಮೇಲಕ್ಕೆ ಸಾಗಿಸಿದರು. ಅನಂತರ ರಂಕಾಗುವದಿಂದ ಸಣ್ಣ ಗೇಜಿನ ರೈಲು ಬಂತು. ರೈಲು ನಿಲ್ದಾಣ ಊರಿನ ಬುಡದಲ್ಲಿ. ಅಲ್ಲಿಂದ ಮೇಲೆ ರಸ್ತೆಯೇ ಇಲ್ಲ. ಇಳಿಜಾರು ಎಷ್ಟು ಕಡಿದಾಗಿತ್ತೆಂದರೆ ಚಕ್ರದ ಗಾಡಿ ಓಡಿಸುವ ಹಾಗಿರಲಿಲ್ಲ. ನಿಲ್ದಾಣದಿಂದ ಬೆಟ್ಟದ ನೆತ್ತಿಯ ಕಡೆಗೆ ಒಂದು ದೊಡ್ಡ ಮೆಟ್ಟಿಲ ಸಾಲು. ಅದರಿಂದ ಎಡಕ್ಕೂ ಬಲಕ್ಕೂ ಮೀನಿನ ಮುಳ್ಳುಗಳಂತೆ ಸಣ್ಣ ಮೆಟ್ಟಿಲುಗಳು, ಕಾಲುದಾರಿಗಳು. ಆ ದಾರಿಗಳ ಬದಿಯಲ್ಲಿ ನಾಲ್ಕೈದು ಮಹಡಿಯ ಮರದ ಕಟ್ಟಡಗಳು. ಹಸಿರು, ಹಳದಿ, ಕೆಂಪು, ನೀಲಿ ಬಣ್ಣ ಬಳಿದವು. ಸುತ್ತ ಬರೀ ಕಲ್ಲು, ಹಿಮ. ಅದರ ನಡುವೆ ಬಣ್ಣದ ಪೆಟ್ಟಿಗೆಗಳನ್ನು ಜೋಡಿಸಿಟ್ಟ ಹಾಗೆ ಈ ಊರು. ಮೆಟ್ಟಿಲುಗಳ ಊರು ಎಂದೇ ಚಿಲಿಯವರು ಅದನ್ನು ಕರೆದರು.

ಮದುವೆ ಮಾಡಿಸಿದ ಕಂಪನಿ

ಮೊದಲ ವರ್ಷಗಳಲ್ಲಿ ಸೆವೆಲ್ ಗಂಡಸರ ಊರು. ಬಯಲಿನ ಹಳ್ಳಿಗಳಿಂದ, ದೊಡ್ಡ ಜಮೀನುದಾರರ ಹೊಲಗಳಿಂದ ಗೇಣಿಯವರು, ಕೂಲಿಯವರು ಬರುತ್ತಿದ್ದರು. ಕಂಪನಿಯ ಏಜೆಂಟರು ಮುಂಗಡ ಹಣ ಕೊಟ್ಟು ಕರೆತರುತ್ತಿದ್ದರು. ಆದರೆ ಬಂದವರು ನಿಲ್ಲುತ್ತಿರಲಿಲ್ಲ. ಕೆಲವು ತಿಂಗಳು ದುಡಿದು ಕೈಯಲ್ಲಿ ನಾಲ್ಕು ಕಾಸಾದ ಕೂಡಲೇ ಬೆಟ್ಟ ಇಳಿಯುವುದು, ಕೊಯ್ಲಿನ ಕಾಲಕ್ಕೆ ಊರಿಗೆ ಹೋಗುವುದು, ಬೇರೆ ಗಣಿ ಹುಡುಕುವುದು. ಇದ್ದಷ್ಟು ದಿನ ಕುಡಿತ, ಜೂಜು, ಜಗಳ. ಬಂಡೆ ಸಿಡಿಸುವ, ಯಂತ್ರ ನಡೆಸುವ ಕೆಲಸ ಕಲಿಸುವಷ್ಟರಲ್ಲಿ ಆಳು ಮಾಯ. ಕಂಪನಿಗೆ ಇದು ನಷ್ಟದ ಬಾಬತ್ತಾಯಿತು.

ಇದಕ್ಕೆ ಕಂಪನಿ ಕಂಡುಕೊಂಡ ಉಪಾಯ ಸಂಸಾರ. ಹೆಂಡತಿ ಮಕ್ಕಳಿರುವ ಗಂಡಸು ಕೆಲಸ ಬಿಟ್ಟು ಓಡುವುದಿಲ್ಲ, ಮುಷ್ಕರಕ್ಕೆ ಮುಂಚೆ ಎರಡು ಸಲ ಯೋಚಿಸುತ್ತಾನೆ ಎಂಬುದು ಅವರ ಲೆಕ್ಕಾಚಾರ. 1910ರ ದಶಕದ ಕೊನೆಯಿಂದ ಕಂಪನಿ ಇದನ್ನು ವ್ಯವಸ್ಥಿತವಾಗಿ ಮಾಡತೊಡಗಿತು. ಕ್ಷೇಮಾಭಿವೃದ್ಧಿ ವಿಭಾಗ ಎಂಬ ಒಂದು ಇಲಾಖೆಯನ್ನೇ ತೆರೆಯಿತು. ಮದುವೆಯಾದವರಿಗೆ ಸಂಬಳದ ಮೇಲೆ ಕುಟುಂಬ ಭತ್ಯೆ. ಮನೆ ಬೇಕಾದರೆ ಮದುವೆಯ ದಾಖಲೆ ತೋರಿಸಬೇಕು. ಮದುವೆಯಾಗದೆ ಜೊತೆಗಿರುವ ಹೆಣ್ಣು ಗಂಡು ಕಾವಲುಗಾರರ ಕಣ್ಣಿಗೆ ಬಿದ್ದರೆ ಎರಡೇ ದಾರಿ: ಒಂದೋ ಮದುವೆಯಾಗುವುದು, ಇಲ್ಲವೋ ಊರು ಬಿಡುವುದು.

ಆಗಿನ ಚಿಲಿಯ ಬಡವರಲ್ಲಿ ಕಾಗದಪತ್ರದ ಮದುವೆ ಅಷ್ಟೇನೂ ಸಾಮಾನ್ಯವಾಗಿರಲಿಲ್ಲ. ಗಂಡಸರು ಕೂಲಿ ಹುಡುಕಿ ಅಲೆಯುವವರು, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ತಾವೇ ಸಂಸಾರ ನಡೆಸುವವರು. ಅಂಥವರನ್ನು ಕಂಪನಿ ದಂಪತಿಗಳಾಗಿ ಮಾಡಿತು. ಇದರಲ್ಲಿ ಒತ್ತಾಯ ಇತ್ತು ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಹೆಂಗಸರ ಕಡೆಯಿಂದ ನೋಡಿದರೆ ಇನ್ನೊಂದು ಮುಖವೂ ಕಾಣುತ್ತದೆ. ಕಾನೂನಿನ ಪ್ರಕಾರ ಹೆಂಡತಿಯಾದವಳಿಗೆ ಭತ್ಯೆಯ ಮೇಲೆ, ಆಸ್ಪತ್ರೆಯ ಮೇಲೆ, ಮಕ್ಕಳ ಶಾಲೆಯ ಮೇಲೆ ಹಕ್ಕು ಬಂತು. ಗಂಡ ಸಂಬಳವನ್ನೆಲ್ಲ ಕುಡಿದು ಹಾಳುಮಾಡಿದರೆ, ಹೊಡೆದರೆ, ಅವಳು ಹೋಗಿ ದೂರು ಕೊಡಲು ಒಂದು ಕಚೇರಿ ಇತ್ತು. ಆ ಕಚೇರಿ ಕಂಪನಿಯದ್ದು, ಸರಿ. ಆದರೆ ಅವಳ ತಾಯಿಗೆ ಅದೂ ಇರಲಿಲ್ಲ.

ಅದೇ ಕಚೇರಿಯ ಸಮಾಜ ಕಾರ್ಯಕರ್ತೆಯರು ಮನೆಮನೆಗೆ ಬರುತ್ತಿದ್ದರು. ಕೋಣೆ ಶುಚಿಯಾಗಿದೆಯೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ದುಡ್ಡು ಹೇಗೆ ಖರ್ಚಾಗುತ್ತಿದೆ ಎಂದು ವಿಚಾರಿಸುವುದು. ಹೆಂಗಸರಿಗೆ ಅಡುಗೆ, ಹೊಲಿಗೆ, ಶಿಶುಪಾಲನೆಯ ತರಗತಿಗಳು. ಒಳ್ಳೆಯ ಗೃಹಿಣಿ ಎಂದರೆ ಹೀಗಿರಬೇಕು ಎಂಬ ಪಾಠ. ಮಾವನ ಮನೆಯಲ್ಲಿ ಹೊಸ ಸೊಸೆಯನ್ನು ನೋಡುವ ಹಾಗೆ ಕಂಪನಿ ಆ ಹೆಂಗಸರನ್ನು ನೋಡುತ್ತಿತ್ತು ಎಂದರೆ ನಮ್ಮ ಓದುಗರಿಗೆ ಬೇಗ ಅರ್ಥವಾದೀತು.

ಇನ್ನೊಂದು ಕಟ್ಟಳೆ ಮದ್ಯಪಾನ ನಿಷೇಧ. ಊರಿನಲ್ಲಿ ಒಂದು ಹನಿ ಸಾರಾಯಿ ಮಾರುವಂತಿರಲಿಲ್ಲ. ಆದರೂ ರಾತ್ರಿ ಹೊತ್ತು ಹಿಮದ ದಾರಿಯಲ್ಲಿ, ಕಳ್ಳ ಹಾದಿಗಳಲ್ಲಿ ಸಾರಾಯಿ ಹೊತ್ತು ತರುವವರಿದ್ದರು. ಅವರಿಗೆ ಗುವಾಚುಚೆರೋ ಎಂಬ ಹೆಸರೇ ಇತ್ತು. ಕಾವಲುಗಾರರ ಕೈಗೆ ಸಿಗದ ಗುವಾಚುಚೆರೋಗಳ ಕಥೆಗಳನ್ನು ಸೆವೆಲ್‌ನವರು ಈಗಲೂ ನಗುತ್ತಾ ಹೇಳುತ್ತಾರೆ. ಕಟ್ಟಳೆ ಎಷ್ಟೇ ಬಿಗಿಯಾದರೂ ಊರಿಗೆ ತನ್ನದೇ ಒಂದು ಹಿಂಬಾಗಿಲು ಇದ್ದೇ ಇರುತ್ತದೆ.

ಒಂದೆರಡು ಕೋಣೆಯ ಸಂಸಾರ

ಈಗ ಮನೆಯ ಒಳಗೆ ಹೋಗೋಣ. ಕಾರ್ಮಿಕರ ದೊಡ್ಡ ಕಟ್ಟಡಗಳಿಗೆ ಕಮರೋತೆ ಎಂದು ಹೆಸರು. ಹಡಗಿನ ಕೋಣೆಗೆ ಸ್ಪ್ಯಾನಿಷ್‌ನಲ್ಲಿ ಹೇಳುವ ಪದ ಅದು. ಒಂಟಿ ಗಂಡಸರ ಕಮರೋತೆಯಲ್ಲಿ ಒಂದು ಕೋಣೆಗೆ ಹಲವರು. ಸಂಸಾರಸ್ಥರಿಗೆ ಒಂದೋ ಎರಡೋ ಕೋಣೆ. ನಡುವೆ ಉದ್ದನೆಯ ಮೊಗಸಾಲೆ, ಎರಡೂ ಬದಿಗೆ ಬಾಗಿಲುಗಳು. ಪಾಯಿಖಾನೆ, ಸ್ನಾನದ ಜಾಗ ಹಲವು ಸಂಸಾರಗಳಿಗೆ ಸೇರಿ ಒಂದೇ ಕಡೆ. ಕೆಲವು ಕಟ್ಟಡಗಳ ಕೆಳಗಿನ ಅಂತಸ್ತಿನಲ್ಲಿ ಅಂಗಡಿ, ಮೇಲೆ ವಾಸ.

ಕೊಡಗಿನ ಕಾಫಿ ತೋಟಗಳ ಲೈನ್‌ಮನೆ, ವಯನಾಡು ಮತ್ತು ನೀಲಗಿರಿಯ ಚಹಾ ತೋಟಗಳ ಪಾಡಿ ನೋಡಿದವರಿಗೆ ಈ ಮನೆಗಳನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಲೈನ್‌ಮನೆಗಳ ಸಾಲನ್ನು ಒಂದರ ಮೇಲೊಂದು ನಾಲ್ಕು ಅಂತಸ್ತು ಪೇರಿಸಿ, ಅದನ್ನು ಹಿಮದ ಬೆಟ್ಟಕ್ಕೆ ಒರಗಿಸಿ ನಿಲ್ಲಿಸಿದರೆ ಅದೇ ಕಮರೋತೆ. ಪಕ್ಕದ ಮನೆಯ ಒಗ್ಗರಣೆಯ ವಾಸನೆ, ಮಗುವಿನ ಅಳು, ಗಂಡಹೆಂಡಿರ ಜಗಳ ಎಲ್ಲವೂ ಮರದ ಗೋಡೆಯ ಮೂಲಕ ಈಚೆಗೆ ಬರುತ್ತದೆ. ಗುಟ್ಟು ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಅಂಗಳ ಇಲ್ಲ, ಹಿತ್ತಿಲು ಇಲ್ಲ. ಕೋಳಿ ಸಾಕುವ, ಬಸಳೆ ಚಪ್ಪರ ಹಾಕುವ ಮಾತೇ ಇಲ್ಲ. ತರಕಾರಿ, ಹಿಟ್ಟು, ಮಾಂಸ ಎಲ್ಲವೂ ಬಯಲಿನಿಂದ ರೈಲಿನಲ್ಲಿ ಬರಬೇಕು. ಕೊಳ್ಳುವುದು ಕಂಪನಿಯ ಅಂಗಡಿಯಲ್ಲಿ. ಕೊಂಡದ್ದನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಬೇಕು. ಒಂದು ಮಂಚ ಬೇಕಾದರೂ ಹೆಗಲ ಮೇಲೆಯೇ ಬರಬೇಕು. ಬಸುರಿಯರೂ, ಬಾಣಂತಿಯರೂ, ಮುದುಕರೂ ಆ ಮೆಟ್ಟಿಲುಗಳನ್ನೇ ಹತ್ತಿ ಇಳಿದರು. ಹಿಮ ಬಿದ್ದು ಮೆಟ್ಟಿಲು ಗಾಜಿನಂತೆ ಜಾರುವ ದಿನಗಳಲ್ಲಿ ಒಂದು ಚೀಲ ಹಿಟ್ಟು ಮನೆಗೆ ತರುವುದೇ ಒಂದು ಸಾಹಸ. ಭಾರೀ ಹಿಮ ಬಿದ್ದು ರೈಲು ನಿಂತರೆ ಊರು ಊರೇ ಜಗತ್ತಿನಿಂದ ಕತ್ತರಿಸಿ ಹೋಗುತ್ತಿತ್ತು.

ಆದರೆ ಮಕ್ಕಳ ಮಟ್ಟಿಗೆ ಅದು ಬೇರೆಯೇ ಲೋಕ. ಕಾರಿಲ್ಲ, ಲಾರಿಯಿಲ್ಲ, ಇಡೀ ಊರೇ ಆಟದ ಬಯಲು. ಮೆಟ್ಟಿಲುಗಳ ನಡುವೆ ಸಣ್ಣ ಸಣ್ಣ ಚೌಕಗಳಿದ್ದವು. ಅಲ್ಲಿ ಆಟ, ಹರಟೆ, ಸಂಜೆಯ ತಿರುಗಾಟ. ಶಾಲೆಗಳಿದ್ದವು, ಕೈಗಾರಿಕಾ ತರಬೇತಿ ಶಾಲೆ ಇತ್ತು, ಚರ್ಚು, ಸಿನಿಮಾ ಮಂದಿರ, ಈಜುಕೊಳ ಇತ್ತು. ಬಯಲಿನ ಹಳ್ಳಿಗಳ ಬಡವರು ಕಂಡರಿಯದ ಒಳ್ಳೆಯ ಆಸ್ಪತ್ರೆ ಇತ್ತು. ಹೊಳೆಯ ನೀರಿನಿಂದ ಕಂಪನಿ ತಾನೇ ವಿದ್ಯುತ್ ತಯಾರಿಸುತ್ತಿದ್ದುದರಿಂದ ಮನೆಗಳಿಗೆ ದೀಪ ಇತ್ತು. ಅಪ್ಪ ಅಮ್ಮನಿಗೆ ಕಷ್ಟದ ಊರು, ಮಕ್ಕಳಿಗೆ ಸಂತೋಷದ ಊರು: ಎರಡೂ ನಿಜ. ಒಂದನ್ನು ಮಾತ್ರ ಹೇಳಿದರೆ ಸೆವೆಲ್‌ನ ಇತಿಹಾಸ ಅರ್ಧವಾಗುತ್ತದೆ.

ಹೆಂಗಸರ ಪಾಳಿ

ಗಣಿಯಲ್ಲಿ ಹಗಲು ರಾತ್ರಿ ಎನ್ನದೆ ಪಾಳಿಯಲ್ಲಿ ಕೆಲಸ. ಗಂಡನ ಪಾಳಿ ಬದಲಾದ ಹಾಗೆ ಮನೆಯ ಹೊತ್ತೂ ಬದಲಾಗುತ್ತಿತ್ತು. ರಾತ್ರಿ ದುಡಿದು ಬಂದವನು ಹಗಲು ಮಲಗಬೇಕು. ಇರುವ ಒಂದೆರಡು ಕೋಣೆಯಲ್ಲಿ ಮಕ್ಕಳನ್ನು ಸದ್ದಿಲ್ಲದೆ ಇರಿಸಬೇಕು. ಅಡುಗೆ, ಒಗೆತ, ಶಾಲೆ ಎಲ್ಲವನ್ನೂ ಆ ನಿದ್ದೆಯ ಸುತ್ತ ಹೊಂದಿಸಬೇಕು. ಗಂಡಸರ ಪಾಳಿಗೆ ಸೈರನ್ನು ಇತ್ತು, ಹೆಂಗಸರ ಪಾಳಿಗೆ ಅದೂ ಇರಲಿಲ್ಲ. ಕೆಲವರು ಒಂಟಿ ಗಂಡಸರಿಗೆ ಊಟ ಮಾಡಿ ಹಾಕಿ, ಬಟ್ಟೆ ಒಗೆದು ನಾಲ್ಕು ಕಾಸು ಸಂಪಾದಿಸುತ್ತಿದ್ದರು. ಇನ್ನು ಕೆಲವರು ಊಟದ ಮನೆಗಳಲ್ಲಿ, ಅಧಿಕಾರಿಗಳ ಮನೆಗಳಲ್ಲಿ ಕೆಲಸಕ್ಕೆ ನಿಂತರು. ಮದುವೆಯಾಗದೆ ಹೀಗೆ ದುಡಿಯಲು ಬಂದ ಹೆಂಗಸರನ್ನು ಕಂಪನಿ ಸಂಶಯದಿಂದಲೇ ನೋಡಿತು.

ಗಣಿಯ ಒಳಗೆ ಮಾತ್ರ ಹೆಣ್ಣು ಕಾಲಿಡುವಂತಿರಲಿಲ್ಲ. ಹೆಣ್ಣು ಒಳಗೆ ಬಂದರೆ ಕೆಡುಕಾಗುತ್ತದೆ, ಗಣಿಗೆ ಹೊಟ್ಟೆಕಿಚ್ಚಾಗುತ್ತದೆ ಎಂಬ ನಂಬಿಕೆ. ಹೀಗಾಗಿ ಗಂಡ ಪ್ರತಿದಿನ ಹೋಗುವ ಜಾಗವನ್ನು ಹೆಂಡತಿ ಒಮ್ಮೆಯೂ ನೋಡದೆ ಜೀವನ ಕಳೆದಳು. ಅವಳಿಗೆ ಗೊತ್ತಿದ್ದದ್ದು ಅವನು ತರುವ ದೂಳು, ಕೆಮ್ಮು, ಸಂಬಳ. ಬಂಡೆಯ ದೂಳು ವರ್ಷಗಟ್ಟಲೆ ಎದೆಗೆ ಸೇರಿ ಬರುವ ಶ್ವಾಸಕೋಶದ ರೋಗ ಎಲ್ಲ ಗಣಿ ಊರುಗಳ ಹಾಗೆ ಅಲ್ಲಿಯೂ ಇತ್ತು.

ಸುಮ್ಮನೆ ಇದ್ದರೆಂದು ಮಾತ್ರ ತಿಳಿಯಬೇಡಿ. ಸಂಸಾರ ಇದ್ದರೆ ಕಾರ್ಮಿಕ ತಲೆತಗ್ಗಿಸಿರುತ್ತಾನೆ ಎಂಬ ಕಂಪನಿಯ ಲೆಕ್ಕ ಪೂರ್ತಿ ಸರಿಯಾಗಲಿಲ್ಲ. 1930ರ ದಶಕದ ಕೊನೆ ಮತ್ತು 40ರ ದಶಕದಲ್ಲಿ ಕಾರ್ಮಿಕ ಸಂಘಗಳು ಬಲಗೊಂಡಾಗ ಹೆಂಡತಿಯರು ಮುಷ್ಕರಕ್ಕೆ ಬೆನ್ನೆಲುಬಾದರು. ಸಾಮೂಹಿಕ ಅಡುಗೆ ಮಾಡಿ ಮುಷ್ಕರದವರ ಮನೆಗಳಿಗೆ ಹಂಚಿದರು. ಒಂದೇ ಮೊಗಸಾಲೆಯಲ್ಲಿ, ಒಂದೇ ನಲ್ಲಿಯ ಮುಂದೆ ವರ್ಷಗಟ್ಟಲೆ ಸಾಲು ನಿಂತವರಿಗೆ ಒಟ್ಟಾಗುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಂಬಳ ಹೆಚ್ಚಬೇಕಾದದ್ದು ಗಂಡನಿಗೆ ಮಾತ್ರವಲ್ಲ, ಒಲೆಗೂ ಕೂಡ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ಊರಿನಲ್ಲಿ ಇನ್ನೊಂದು ಕೇರಿಯೂ ಇತ್ತು. ಅದು ಅಮೆರಿಕನ್ ಅಧಿಕಾರಿಗಳದ್ದು. ಅವರಿಗೆ ಬೇರೆ ಬೇರೆ ಒಂಟಿ ಮನೆಗಳು, ಅವರದ್ದೇ ಕ್ಲಬ್ಬು, ಅವರದ್ದೇ ಭಾಷೆ. ಗಣಿ ಕಾರ್ಮಿಕರು ಆ ಕಡೆಗೆ ಸುಮ್ಮನೆ ತಿರುಗಾಡಲು ಹೋಗುವಂತಿರಲಿಲ್ಲ. ನಡುವೆ ಚಿಲಿಯ ಗುಮಾಸ್ತರು, ಸಣ್ಣ ಅಧಿಕಾರಿಗಳು. ಅವರ ಮನೆ ಕಾರ್ಮಿಕರ ಮನೆಗಿಂತ ಸ್ವಲ್ಪ ದೊಡ್ಡದು. ಯಾರಿಗೆ ಎಷ್ಟು ಕೋಣೆ ಎಂದು ಕೇಳಿದರೆ ಸಾಕು, ಕಂಪನಿಯಲ್ಲಿ ಅವರ ಸ್ಥಾನ ಯಾವುದೆಂದು ಹೇಳಬಹುದಾಗಿತ್ತು.

ಎರಡು ಚಳಿಗಾಲಗಳು

ಸೆವೆಲ್‌ನವರು ಮರೆಯದ ಎರಡು ದಿನಗಳಿವೆ. ಎರಡೂ ಚಳಿಗಾಲದವು.

1944ರ ಆಗಸ್ಟ್ 8ರಂದು ಬೆಟ್ಟದ ಮೇಲಿನ ಹಿಮದ ರಾಶಿ ಕುಸಿದು ಊರಿನ ಮೇಲೆ ಬಿತ್ತು. 102 ಜನ ಸತ್ತರು. ಗಣಿಯಲ್ಲಿ ಆಗುವ ಸಾವು ಗಂಡಸರದ್ದು. ಹಿಮ ಮನೆಗಳ ಮೇಲೆಯೇ ಬಿದ್ದಾಗ ಹೆಂಗಸರು, ಮಕ್ಕಳು ಎಂಬ ಭೇದ ಉಳಿಯಲಿಲ್ಲ.

ಊರು ಆ ದುಃಖದಿಂದ ಚೇತರಿಸಿಕೊಳ್ಳುವ ಮೊದಲೇ, ವರ್ಷ ತುಂಬುವ ಒಳಗೆ, 1945ರ ಜೂನ್ 19ರಂದು ಇನ್ನೊಂದು. ಗಣಿಯ ಬಾಯಿಯ ಬಳಿ ಎಣ್ಣೆಯ ಪೀಪಾಯಿಗಳಿಗೆ ಬೆಂಕಿ ಹತ್ತಿತು. ಬೆಂಕಿ ಹೊರಗೇ ಇತ್ತು, ಆದರೆ ಗಣಿಗೆ ಗಾಳಿ ಹೋಗುವ ದಾರಿಯಲ್ಲಿ ಹೊಗೆ ಒಳಗೆ ನುಗ್ಗಿತು. ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದವರಿಗೆ ಎಚ್ಚರ ತಪ್ಪುತ್ತದೆ. ದೂರದ ಸುರಂಗಗಳಲ್ಲಿ ಕೆಲಸ ಮಾಡುತ್ತಿದ್ದವರಿಗೆ ಹೊರದಾರಿ ಗೊತ್ತಿರಲಿಲ್ಲ. 355 ಗಂಡಸರು ಸತ್ತರು. ಬೆಂಕಿಯಲ್ಲಿ ಸುಟ್ಟವರಲ್ಲ, ಹೊಗೆಯಲ್ಲಿ ಉಸಿರುಗಟ್ಟಿದವರು. ಚಿಲಿಯಲ್ಲಿ ಇದನ್ನು ಹೊಗೆಯ ದುರಂತ ಎಂದು ಕರೆಯುತ್ತಾರೆ. ಲೋಹದ ಗಣಿಗಳ ಇತಿಹಾಸದಲ್ಲಿಯೇ ಅತಿ ದೊಡ್ಡ ಅವಘಡಗಳಲ್ಲಿ ಇದೂ ಒಂದು.

ಹದಿನೈದು ಸಾವಿರವೂ ಮೀರದ ಊರಿನಲ್ಲಿ 355 ಸಾವು ಎಂದರೆ ಯಾವ ಮೊಗಸಾಲೆಯೂ ತಪ್ಪಿಸಿಕೊಂಡಿರಲಾರದು. ರೈಲು ಶವಪೆಟ್ಟಿಗೆಗಳನ್ನು ಹೊತ್ತು ರಂಕಾಗುವಕ್ಕೆ ಇಳಿಯಿತು. ಆ ಪಟ್ಟಣದ ಸ್ಮಶಾನದಲ್ಲಿ ಅವರ ಸಮಾಧಿಗಳಿವೆ. ದುರಂತದ ಅನಂತರ ಕಂಪನಿ ಸುರಕ್ಷತೆಗೆ ಪ್ರತ್ಯೇಕ ವಿಭಾಗ ತೆರೆಯಿತು, ಗಣಿಯ ಒಳಗೆ ಹೊರದಾರಿಯ ಗುರುತುಗಳು ಬಂದವು, ದೇಶದ ಸುರಕ್ಷತಾ ನಿಯಮಗಳೂ ಬಿಗಿಯಾದವು. ಇವೆಲ್ಲ ಆಗಬೇಕಾದದ್ದೇ. ಆದರೆ ಇಂಥ ಊರಿನಲ್ಲಿ ವಿಧವೆಯ ಪಾಡನ್ನು ಸ್ವಲ್ಪ ಯೋಚಿಸಿ. ಮನೆ ಕೆಲಸದ ಜೊತೆಗೆ ಬಂದದ್ದು. ಕೆಲಸ ಮಾಡುವವನು ಹೋದ ಮೇಲೆ ಆ ಮನೆಯ ಮೇಲೆ ಅವಳಿಗೆ ಇನ್ನು ಯಾವ ಹಕ್ಕು? ಅವಳು ಉಜ್ಜಿ ಒರಸಿ ಪರದೆ ಕಟ್ಟಿ ಮಕ್ಕಳನ್ನು ಹೆತ್ತ ಕೋಣೆಗಳು ಕಂಪನಿಯ ಲೆಕ್ಕಪುಸ್ತಕದಲ್ಲಿ ಇಂತಿಷ್ಟನೇ ನಂಬರು ಮಾತ್ರ.

ಗಂಟುಮೂಟೆ ಕಟ್ಟಿದ ಊರು

1960ರ ದಶಕದ ಕೊನೆಗೆ ಲೆಕ್ಕಾಚಾರ ಮತ್ತೆ ಬದಲಾಯಿತು. ಚಿಲಿ ಸರಕಾರ ಗಣಿಯಲ್ಲಿ ಶೇಕಡಾ 51 ಪಾಲು ಕೊಂಡಿತು. ಗಣಿಯನ್ನು ವಿಸ್ತರಿಸುವ ಯೋಜನೆ ಬಂತು. ಬೆಟ್ಟಕ್ಕೆ ಮೋಟಾರು ರಸ್ತೆ ಬಂತು. ರಸ್ತೆ ಇದ್ದ ಮೇಲೆ ಕಾರ್ಮಿಕರನ್ನು ಬಯಲಿನಿಂದ ಬಸ್ಸಿನಲ್ಲಿ ದಿನಾ ಕರೆತರಬಹುದು, ಹಿಮದ ಬೆಟ್ಟದ ಮೇಲೆ ಒಂದು ಊರನ್ನೇ ಸಾಕುವ ಖರ್ಚು ಯಾಕೆ? ಹೀಗೆ ಸಂಸಾರಗಳನ್ನು ರಂಕಾಗುವಕ್ಕೆ ಇಳಿಸುವ ಯೋಜನೆ ಸುರುವಾಯಿತು. ಅದಕ್ಕೆ ಕಣಿವೆ ಕಾರ್ಯಾಚರಣೆ ಎಂಬ ಹೆಸರು. 1971ರ ಜುಲೈ 11ರಂದು, ಸಾಲ್ವದೋರ್ ಅಯೆಂದೆ ಅಧ್ಯಕ್ಷರಾಗಿದ್ದಾಗ, ತಾಮ್ರದ ದೊಡ್ಡ ಗಣಿಗಳೆಲ್ಲ ರಾಷ್ಟ್ರೀಕರಣವಾದವು. ಸರಕಾರ ಬದಲಾದರೂ ಊರು ಇಳಿಸುವ ಕೆಲಸ ನಿಲ್ಲಲಿಲ್ಲ. 1970ರ ದಶಕ ಮುಗಿಯುವಷ್ಟರಲ್ಲಿ ಸಂಸಾರಗಳು ಬಹುಮಟ್ಟಿಗೆ ಖಾಲಿ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಕೆಳಗೆ ಹೋದ ಸಂಸಾರಗಳು ಹಾಳಾಗಲಿಲ್ಲ. ಬಹಳ ಜನರಿಗೆ ಮೊದಲ ಬಾರಿಗೆ ಸ್ವಂತ ಮನೆ ಆಯಿತು. ತಮ್ಮದೇ ಬಚ್ಚಲು, ಗಿಡ ನೆಡಲು ಒಂದು ತುಂಡು ನೆಲ, ನೆಂಟರು ಬಂದರೆ ಕಂಪನಿಯನ್ನು ಕೇಳಬೇಕಾಗಿಲ್ಲ. ಕೆಲಸ ಹೋದರೂ ಮನೆ ಹೋಗುವುದಿಲ್ಲ. ಇದನ್ನು ಸಣ್ಣ ವಿಷಯ ಎನ್ನಲು ನಮಗೆ ಅಧಿಕಾರವಿಲ್ಲ. ಆದರೂ ಅವರು ಕಳಕೊಂಡದ್ದು ಇತ್ತು. ಬಾಗಿಲು ತೆರೆದರೆ ನೂರು ಜನರ ಪರಿಚಯವಿದ್ದ ಮೊಗಸಾಲೆ, ಹೆದರಿಕೆಯಿಲ್ಲದೆ ಮಕ್ಕಳನ್ನು ಬಿಡಬಹುದಾಗಿದ್ದ ಮೆಟ್ಟಿಲು, ಶಾಲೆ, ಚೌಕ, ಹಬ್ಬ. ಇವಕ್ಕೆ ಬದಲಿ ಮನೆ ಕೊಡಲು ಯಾವ ಯೋಜನೆಗೂ ಆಗುವುದಿಲ್ಲ.

ಖಾಲಿಯಾದ ಕಟ್ಟಡಗಳನ್ನು ಒಂದೊಂದಾಗಿ ಕೆಡವತೊಡಗಿದರು. ಅಮೆರಿಕನ್ನರ ಕೇರಿಯ ಮನೆಗಳೂ, ಕಾರ್ಮಿಕರ ಎಷ್ಟೋ ಕಮರೋತೆಗಳೂ ಹೋದವು. ಇನ್ನು ಇಡೀ ಊರೇ ಅಳಿಸಿಹೋಗುತ್ತದೆ ಎನ್ನುವಾಗ ಹಳೆಯ ನಿವಾಸಿಗಳು, ವಾಸ್ತುಶಿಲ್ಪದ ವಿದ್ವಾಂಸರು ಧ್ವನಿ ಎತ್ತಿದರು. 1998ರಲ್ಲಿ ಚಿಲಿ ಸರಕಾರ ಊರನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು. 2006ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೈಗಾರಿಕಾ ಶಾಲೆಯ ಕಟ್ಟಡ ಈಗ ವಸ್ತುಸಂಗ್ರಹಾಲಯ. ಗಣಿ ನಿಂತಿಲ್ಲ, ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಸುರಂಗಗಳ ಆ ಗಣಿ ಜಗತ್ತಿನ ಅತಿ ದೊಡ್ಡ ನೆಲದಡಿಯ ತಾಮ್ರದ ಗಣಿ. 2025ರ ಜುಲೈ 31ರಂದು ಅಲ್ಲಿ ಸುರಂಗ ಕುಸಿದು ಆರು ಕಾರ್ಮಿಕರು ಸತ್ತರು. ಊರು ಇಲ್ಲದಾದರೂ ಮನೆಯಲ್ಲಿ ಕಾಯುವವರ ಎದೆಯ ಢವಢವ ಮುಗಿದಿಲ್ಲ. ಕಾಯುವ ಜಾಗ ಬೆಟ್ಟದಿಂದ ಬಯಲಿಗೆ ಇಳಿದಿದೆ ಅಷ್ಟೆ.

ಬೆಟ್ಟ ಇಳಿದವರು ತಮ್ಮನ್ನು ಈಗಲೂ ಸೆವೆಲ್‌ನವರು ಎಂದೇ ಕರೆದುಕೊಳ್ಳುತ್ತಾರೆ. ಸಂಘ ಕಟ್ಟಿಕೊಂಡು, ಒಟ್ಟು ಸೇರಿ, ತಾವು ಹುಟ್ಟಿದ ಕಟ್ಟಡವನ್ನು ಮಕ್ಕಳಿಗೆ ಮೊಮ್ಮಕ್ಕಳಿಗೆ ತೋರಿಸಲು ಬೆಟ್ಟ ಹತ್ತುತ್ತಾರೆ. ಕಂಪನಿ ಕಾರ್ಮಿಕನನ್ನು ಕಟ್ಟಿಹಾಕಲು ಮನೆ ಕೊಟ್ಟಿತ್ತು. ಆ ಮನೆಯಲ್ಲಿ ಬಾಳಿದವರು ಅದನ್ನು ಕಂಪನಿ ಎಣಿಸದೇ ಇದ್ದ ಒಂದು ಊರನ್ನಾಗಿ ಮಾಡಿದರು. ಮನೆಯನ್ನು ಕಂಪನಿ ಹಿಂದಕ್ಕೆ ತೆಗೆದುಕೊಂಡಿತು, ಊರನ್ನು ತೆಗೆದುಕೊಳ್ಳಲು ಆಗಲಿಲ್ಲ.

ನಮ್ಮ ಪಕ್ಕದ ಬೆಟ್ಟ

ಸೆವೆಲ್ ಬಹಳ ದೂರದ್ದು ಎನಿಸಿದರೆ ಕುದುರೆಮುಖವನ್ನು ನೆನಪಿಸಿಕೊಳ್ಳಬಹುದು. ಕಾಸರಗೋಡಿನ ನಮಗೆ ಅದು ಪಕ್ಕದ ಬೆಟ್ಟವೇ. 1976ರಲ್ಲಿ ಕಂಪನಿ ಹುಟ್ಟಿತು, ಘಟ್ಟದ ಮಳೆಯ ನಡುವೆ ಮಲ್ಲೇಶ್ವರದಲ್ಲಿ ವಸತಿಗಳು ಎದ್ದವು, ಕಬ್ಬಿಣದ ಅದಿರು ನೀರಿನ ಜೊತೆ ಸೇರಿ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಯಿತು. ಕಾಡನ್ನೂ ಭದ್ರಾ ಹೊಳೆಯನ್ನೂ ಉಳಿಸಬೇಕೆಂಬ ಹೋರಾಟದ ಫಲವಾಗಿ 2002ರಲ್ಲಿ ಸುಪ್ರೀಂ ಕೋರ್ಟು ಆದೇಶ ನೀಡಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನಿಂತದ್ದು ಕಾಡಿನ ದೃಷ್ಟಿಯಿಂದ ಸರಿಯೇ. ಆದರೆ ಆ ವಸತಿಗಳಲ್ಲಿ ಹುಟ್ಟಿ, ಅಲ್ಲಿಯ ಶಾಲೆಗಳಲ್ಲಿ ಕಲಿತು, ಮಳೆಗೆ ಕೊಡೆ ಹಿಡಿದು ನಡೆದ ಒಂದು ತಲೆಮಾರು ಇದೆ. ಕುದುರೆಮುಖದ ಕಾಡಿನ ಬಗ್ಗೆ, ಅದಿರಿನ ಬಗ್ಗೆ, ಕೋರ್ಟಿನ ಬಗ್ಗೆ ಸಾಕಷ್ಟು ಬರೆದಾಗಿದೆ. ಆ ಮನೆಗಳ ಬಗ್ಗೆ, ಅಲ್ಲಿದ್ದ ಅಮ್ಮಂದಿರ ಬಗ್ಗೆ ಅಷ್ಟೇ ಬರೆಯಬೇಕಾದದ್ದು ಬಾಕಿ ಇದೆ.

ಗಡಿಯ ಈಚೆಗಿರುವ ನಮಗೆ ಈ ಕಥೆಯಲ್ಲಿ ಇನ್ನೂ ಒಂದು ಎಳೆ ಕಾಣುತ್ತದೆ. ಸೆವೆಲ್‌ನವರಿಗೆ ಊರು ಹೋಯಿತು, ಅವರು ಉಳಿದರು. ನಮಗೆ 1956ರ ನವೆಂಬರ್ 1ರಂದು ಊರು ಇದ್ದಲ್ಲೇ ಇತ್ತು, ಮನೆ ಇದ್ದಲ್ಲೇ ಇತ್ತು, ರಾಜ್ಯದ ಗೆರೆ ಮಾತ್ರ ಆಚೆಗೆ ಸರಿಯಿತು. ಎರಡೂ ನಿರ್ಧಾರಗಳು ಆದದ್ದು ಆ ಮನೆಗಳಿಂದ ಬಹಳ ದೂರದ ಮೇಜುಗಳ ಮೇಲೆ. ಅನಂತರ ತಾವು ಯಾರು ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳುವ ಕೆಲಸ ಮನೆಯವರ ಪಾಲಿಗೆ ಬಂತು. ಅಡುಗೆಮನೆಯ ಮಾತು, ಅಜ್ಜಿಯ ಕಥೆ, ಶಾಲೆಯ ಪಾಠ, ಇವುಗಳಿಂದಲೇ ಆ ಕೆಲಸ ನಡೆಯುವುದು.

ಆದ್ದರಿಂದ ಕನ್ನಡ ಶಾಲೆಗಳ ಅಧ್ಯಾಪಕ ಬಂಧುಗಳಲ್ಲಿ ಒಂದು ವಿನಂತಿ. ಚಿಲಿಯ ಪಾಠ ಬಂದಾಗ ತಾಮ್ರದ ಒಂದು ಅಂಕದ ಜೊತೆಗೆ ಸೆವೆಲ್‌ನ ಮೆಟ್ಟಿಲುಗಳ ಬಗ್ಗೆಯೂ ಐದು ನಿಮಿಷ ಹೇಳಿ. ಅನಂತರ ಮಕ್ಕಳಿಗೆ ಒಂದು ಮನೆಗೆಲಸ ಕೊಡಿ. ಅಜ್ಜಿಯೋ ಅಜ್ಜನೋ ಹುಟ್ಟಿದ ಮನೆಯ ನಕ್ಷೆಯನ್ನು ಅವರಿಂದಲೇ ಕೇಳಿ ಬಿಡಿಸಿಕೊಂಡು ಬರಲಿ. ಒಲೆ ಎಲ್ಲಿತ್ತು, ನೀರು ಎಲ್ಲಿಂದ ಬರುತ್ತಿತ್ತು, ಯಾರು ಯಾವ ಮೂಲೆಯಲ್ಲಿ ಮಲಗುತ್ತಿದ್ದರು, ಆ ಮನೆ ಸ್ವಂತದ್ದೇ, ಒಕ್ಕಲಿನದ್ದೇ, ಕಂಪನಿಯದ್ದೇ, ಈಗ ಅದು ಏನಾಗಿದೆ ಎಂದು ಬರೆದು ತರಲಿ. ಕೇಳಿದರೆ ಹೇಳುವವರು ಈಗ ಇದ್ದಾರೆ. ಇನ್ನು ಹತ್ತು ವರ್ಷ ಬಿಟ್ಟು ಕೇಳೋಣ ಎಂದರೆ ಆಗ ಯಾರಿರುತ್ತಾರೆ?